ಸ್ಕೈಪ್ ಸಂಸ್ಥೆಯ ಉದಯ ಮತ್ತು ಅಸ್ತ

ದೂರದಲ್ಲಿರುವ ಆಪ್ತರ ದನಿಯನ್ನು ಕೇಳಬೇಕೆಂಬ ಹಂಬಲವು ಮಾನವನಿಗೆ ಸಹಜವಾದುದು. ಆದರೆ ಹೊರದೇಶದಲ್ಲಿರುವವರೊಡನೆ ದೂರವಾಣಿಯಲ್ಲಿ ಮಾತನಾಡುವುದು ಬಹುಕಾಲ ಸಾಮಾನ್ಯರಿಗೆ ಹೊರೆಯಾಗಿದ್ದಿತು. ಆ ಹೊರೆಯನ್ನು ಇಳಿಸಿದ ಸಂಸ್ಥೆಗಳಲ್ಲಿ ಸ್ಕೈಪ್ ಅಗ್ರಗಣ್ಯವಾದುದು. ಅದರ ಚರಿತ್ರೆಯು ವಿದ್ಯಾರ್ಥಿಗಳು ಮನನ ಮಾಡತಕ್ಕದ್ದಾಗಿದೆ.

ಸ್ವೀಡನ್ನಿನ ನಿಕ್ಲಾಸ್ ಸೆನ್‌ಸ್ಟ್ರೋಮ್ ಹಾಗೂ ಡೆನ್ಮಾರ್ಕಿನ ಯಾನುಸ್ ಫ್ರೀಸ್ ಎಂಬವರು 2003ರಲ್ಲಿ ಇದನ್ನು ಸ್ಥಾಪಿಸಿದರು. ಇದರ ತಂತ್ರಾಂಶವನ್ನು ರಚಿಸಿದವರು ಎಸ್ಟೋನಿಯಾ ದೇಶದ ತಂತ್ರಜ್ಞರು. ಅಂತರಜಾಲ ದೂರವಾಣಿಯಲ್ಲಿ ಆಡಿದ ಮಾತು ಅಂಕಿಗಳಾಗಿ ಮಾರ್ಪಟ್ಟು, ಸಣ್ಣ ಸಣ್ಣ ತುಣುಕುಗಳಾಗಿ ಸಂಚರಿಸಿ, ಕೇಳುವವನ ಗಣಕದಲ್ಲಿ ಮರಳಿ ದನಿಯಾಗುತ್ತದೆ. ಸ್ಕೈಪಿನ ವೈಶಿಷ್ಟ್ಯವೆಂದರೆ, ಬಳಕೆದಾರರ ಗಣಕಗಳೇ ಪರಸ್ಪರ ನೆರವಾಗಿ ಕರೆಗಳಿಗೆ ದಾರಿಮಾಡಿಕೊಡುತ್ತಿದ್ದವು. ಪಡೆಯುವವನೇ ನೀಡುವವನೂ ಆಗುವ ಈ ಕ್ರಮವನ್ನು ಒಂದು ಬಗೆಯ ದಾಸೋಹವೆನ್ನಬಹುದು. ಇದರಿಂದ ಸಂಸ್ಥೆಯ ವೆಚ್ಚವು ತಗ್ಗಿತು. ಸ್ಕೈಪ್ ಉಳ್ಳವರ ನಡುವಣ ಮಾತುಕತೆ ಉಚಿತವಾಯಿತು.

ಕೀರ್ತಿಯೊಡನೆ ಬೆಲೆಯೂ ಏರಿತು. 2005ರಲ್ಲಿ ಅಮೆರಿಕದ ಇಬೇ ಎಂಬ ವ್ಯಾಪಾರ ಸಂಸ್ಥೆಯು ಸುಮಾರು 260 ಕೋಟಿ ಡಾಲರುಗಳಿಗೆ ಇದನ್ನು ಕೊಂಡಿತು. ತನ್ನ ಸಂತೆಯಲ್ಲಿ ಕೊಳ್ಳುವವರೂ ಮಾರುವವರೂ ಇದರ ಮೂಲಕ ಮಾತನಾಡುವರೆಂಬುದು ಅದರ ಎಣಿಕೆ. ಅದು ಫಲಿಸಲಿಲ್ಲ. 2007ರಲ್ಲಿ ಸ್ಕೈಪಿನ ಮೌಲ್ಯದಲ್ಲಿ 90 ಕೋಟಿ ಡಾಲರುಗಳನ್ನು ಲೆಕ್ಕದಿಂದ ಕಳೆಯಬೇಕಾಯಿತು. ಮೂಲ ತಂತ್ರದ ಹಕ್ಕಾದರೋ ಸ್ಥಾಪಕರ ಬೇರೊಂದು ಸಂಸ್ಥೆಯಲ್ಲಿಯೇ ಉಳಿದಿದ್ದಿತು. 2009ರಲ್ಲಿ ಈ ವಿವಾದವು ನ್ಯಾಯಾಲಯವನ್ನು ಮುಟ್ಟಿ, ಬಳಿಕ ರಾಜಿಯಲ್ಲಿ ಮುಗಿಯಿತು. ಮನೆಯನ್ನು ಕೊಂಡವನಿಗೆ ಅದರ ತಳಪಾಯವು ತನ್ನದಲ್ಲವೆಂದು ತಿಳಿದಂತಾಯಿತು. ಅದೇ ವರ್ಷ ಬಹುಪಾಲು ಒಡೆತನವು ಹೂಡಿಕೆದಾರರ ಕೂಟವೊಂದರ ಕೈಸೇರಿತು. 2011ರಲ್ಲಿ ಮೈಕ್ರೋಸಾಫ್ಟ್ 850 ಕೋಟಿ ಡಾಲರುಗಳಿಗೆ ಇದನ್ನು ಕೊಂಡಿತು.

ಅಷ್ಟರಲ್ಲಿ ಕಾಲವು ಬದಲಾಗಿತ್ತು. ಮೊಬೈಲ್ ದೂರವಾಣಿಯು ಎಲ್ಲರ ಕೈಸೇರಿತು. ಮೇಜಿನ ಗಣಕದಂತೆ ಇತರರ ಕರೆಗಳನ್ನು ಹೊರಲು ಅದರ ಬ್ಯಾಟರಿಗೆ ಶಕ್ತಿಯಿಲ್ಲ. ಆದುದರಿಂದ ಪರಸ್ಪರ ನೆರವಿನ ಕ್ರಮವನ್ನು ಬಿಟ್ಟು ಸಂಸ್ಥೆಯು ತನ್ನದೇ ಕೇಂದ್ರಯಂತ್ರಗಳನ್ನು ಆಶ್ರಯಿಸಬೇಕಾಯಿತು. ವಾಟ್ಸಾಪ್ 2015ರಲ್ಲಿ ಧ್ವನಿ ಕರೆಗಳನ್ನು ಒದಗಿಸಿತು. 2017ರಲ್ಲಿ ಮೈಕ್ರೋಸಾಫ್ಟ್ ತಾನೇ ಟೀಮ್ಸ್ ಎಂಬ ಮತ್ತೊಂದು ಸಾಧನವನ್ನು ಹೊರತಂದು ಅದರತ್ತ ಗಮನವಿತ್ತಿತು. 2020ರ ಮಹಾಮಾರಿಯಲ್ಲಿ ಜನರು ಮನೆಯೊಳಗೆ ಉಳಿದು ಮುಖ ನೋಡಿ ಮಾತನಾಡಲು ಕಾತರಿಸಿದಾಗ, ಆ ಕೆಲಸಕ್ಕೆಂದೇ ಹೆಸರಾಗಿದ್ದ ಸ್ಕೈಪನ್ನು ಹಿಂದಿಕ್ಕಿ ಜೂಮ್ ಮುಂದೆ ಬಂದಿತು. 2025ರ ಮೇ 5ರಂದು ಸ್ಕೈಪ್ ಸೇವೆಯು ನಿಂತುಹೋಯಿತು.

ಈ ಪತನಕ್ಕೆ ಹಣದ ಕೊರತೆಯು ಕಾರಣವಲ್ಲ. ಕೊಂಡವರೆಲ್ಲರೂ ತಮ್ಮ ತಮ್ಮ ಪ್ರಯೋಜನವನ್ನು ಅದರಲ್ಲಿ ಅರಸಿದರು. ಮಾತನಾಡಬಯಸುವ ಮನುಷ್ಯನ ಅಗತ್ಯವು ಎರಡನೆಯದಾಯಿತು. ಬೆಲೆ ಏರಿದಂತೆ ಬಾಳಿಕೆ ಏರಲಿಲ್ಲ. ಯಾರಿಗಾಗಿ ಕಾಯಕವೋ ಅವರನ್ನು ಮರೆತಲ್ಲಿ ಸಂಪತ್ತು ಕಾಯಕವನ್ನು ಉಳಿಸಲಾರದು. ನಾಳೆ ಯಾವ ವೃತ್ತಿಯನ್ನೇ ಹಿಡಿಯಲಿ, ವಿದ್ಯಾರ್ಥಿಗಳು ಇದನ್ನು ನೆನೆಯುವುದು ಒಳಿತು.