ನಿಮ್ಮ ಕೈಲಾದದ್ದು ನೀವು ಮಾಡಿ, ಉಳಿದದ್ದು ದೇವರಿಗೆ ಬಿಡಿ

ಮಕ್ಕಳೇ, ಓರಗೆಯವ ಗೋವಾಕ್ಕೆ ಹೋಗಿ ದುಡಿದು ಬೈಕು ತಗೊಂಡ, ನನಗಿನ್ನೂ ಒಂದು ಕೆಲಸ ಸಿಗಲಿಲ್ಲ ಎಂದು ನೀವು ನಡುರಾತ್ರಿಯವರೆಗೆ ಮೊಬೈಲು ಹಿಡಿದು ಹೊರಳಾಡುವುದು ನನಗೆ ಗೊತ್ತು. ಆ ಸಂಕಟ ಸಣ್ಣದಲ್ಲ. ಆದರೆ ಅದರಲ್ಲಿ ಎರಡು ಬೆರೆತಿವೆ. ಒಂದು ಕೆಲಸವಿಲ್ಲದ ಕಷ್ಟ, ಇನ್ನೊಂದು 'ನಾನು ಯಾರಿಗೇನು ಕಡಿಮೆ' ಎಂಬ ಉರಿ. ನಿದ್ದೆ ಕೆಡಿಸುವುದು ಹೆಚ್ಚಾಗಿ ಎರಡನೆಯದೇ.

ಮೊದಲನೆಯ ಕಷ್ಟವನ್ನು ಎದುರಿಸುವುದು ಹೇಗೆಂದು ತಿಳಿಯಲು, ನೌಕಾನೆಲೆಗಾಗಿ ಊರು ಬಿಟ್ಟವರು ನೆಲೆಸಿರುವ ತೋಡೂರಿನ ಸೀಬರ್ಡ್ ಕಾಲೊನಿಯ ಹಿರಿಯರ ಹತ್ತಿರ ಒಂದು ಸಂಜೆ ಕೂತು ಮಾತಾಡಿ. 1986ರ ಅಕ್ಟೋಬರಿನಲ್ಲಿ ಕಾರವಾರದ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು. ಆಮೇಲೆ ಕಾರವಾರ, ಅಂಕೋಲೆಯ ಕರಾವಳಿ ಊರುಗಳವರು ಗದ್ದೆ, ತೆಂಗು, ದೋಣಿ ಎಳೆಯುತ್ತಿದ್ದ ದಂಡೆ, ಎಲ್ಲ ಬಿಟ್ಟು ಏಳಬೇಕಾಯಿತು. ದೇವರಿದ್ದಾನೆಂದು ಅವರು ಕೈಕಟ್ಟಿ ಕೂರಲಿಲ್ಲ; ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆದರು. ಹಕ್ಕು ಕೇಳುವುದು ಅಹಂಕಾರವಲ್ಲ, ಅನ್ಯಾಯವಾದಾಗ ಸುಮ್ಮನಿರುವುದು ವಿನಯವೂ ಅಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ದೇವರ ಹೆಸರು ಹೇಳಿ ಬಡವರ ಬಾಯಿ ಮುಚ್ಚಿಸುವವರು ಎಲ್ಲ ಕಾಲಕ್ಕೂ ಇರುತ್ತಾರೆ.

ಹಾಗಾದರೆ ನಂಬಿಕೆ ಅಂದರೇನು? ನಮ್ಮ ಮೀನುಗಾರರನ್ನು ನೋಡಿ ಕಲಿಯಿರಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ದಿನಗಳಲ್ಲಿ ಅವರು ಹರಿದ ಬಲೆ ಹೆಣೆಯುತ್ತಾರೆ, ದೋಣಿ ರಿಪೇರಿ ಮಾಡುತ್ತಾರೆ, ಬಣ್ಣ ಬಳಿಯುತ್ತಾರೆ. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ಕೈ ಮುಗಿಯುತ್ತಾರೆ. ಬಲೆ ಹೆಣೆಯದೆ ಬರೀ ಕಾಯಿ ಅರ್ಪಿಸಿದವನಿಗೆ ಮೀನು ಸಿಗದು. ಬಲೆ ನನ್ನದು, ದೋಣಿ ನನ್ನದು, ಆದ್ದರಿಂದ ಮೀನೂ ನನ್ನದೇ ಎಂದು ಹೊರಟವನಿಗೆ ಬಲೆ ಬರಿದಾಗಿ ಬಂದ ದಿನ ತಡೆದುಕೊಳ್ಳಲಾಗದು. ಕೈ ಮುಗಿದು ಹೋದವನು ಅಂದೂ ಮನೆಗೆ ಬಂದು ಉಂಡು ಮಲಗುತ್ತಾನೆ, ಮರುದಿನ ಮತ್ತೆ ಹೊರಡುತ್ತಾನೆ. ನಾನು ಶಾಂತಿ ಎನ್ನುವುದು ಇದಕ್ಕೇ.

ಇಂಥ ನಂಬಿಕೆಯ ಜೊತೆ ಬರುವ ವಿನಯಕ್ಕೆ ಉದಾಹರಣೆ ದೂರ ಹುಡುಕಬೇಕಾಗಿಲ್ಲ. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ಸೇರಿ ಬೀಜ ಆರಿಸಿದರು, ಸಸಿ ಬೆಳೆಸಿದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಸ್ವೀಕರಿಸಲು ರಾಷ್ಟ್ರಪತಿ ಭವನಕ್ಕೆ ತಮ್ಮ ಹಾಲಕ್ಕಿ ಸಮುದಾಯದ ಉಡುಗೆಯಲ್ಲಿ, ಕೊರಳ ತುಂಬ ಮಣಿಸರ ತೊಟ್ಟು, ಬರಿಗಾಲಲ್ಲೇ ನಡೆದರು. ಯಾರಂತೆಯೋ ಕಾಣಿಸಿಕೊಳ್ಳಬೇಕೆಂಬ ಅವಸರ ಅವರಿಗಿರಲಿಲ್ಲ. ಬೀಜ ಬಿತ್ತುವವರಿಗೆ ಮೊಳಕೆ ತಮ್ಮ ಕೈಯಲ್ಲಿಲ್ಲ ಎಂಬುದು ದಿನವೂ ಕಾಣುವ ಮಾತು. ಆ ತಿಳಿವಳಿಕೆ ಅವರ ನಡಿಗೆಯಲ್ಲೇ ಇತ್ತು ಎಂದು ನನಗನಿಸುತ್ತದೆ. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು, ನೆಟ್ಟ ಮರಗಳು ಇವೆ.

ಮುಸ್ಸಂಜೆ ತುಳಸಿಕಟ್ಟೆಗೆ ಅಮ್ಮ ದೀಪ ಇಡುವಾಗ ಮೊಬೈಲು ಒಳಗಿಟ್ಟು ಅವಳ ಪಕ್ಕ ನಿಲ್ಲಿ. ದೇವರಲ್ಲಿ ಇಂಥದ್ದು ಕೊಡು ಎಂದು ಕೇಳಬೇಡಿ. ಇವತ್ತು ಮಾಡಿದ್ದನ್ನು ಒಪ್ಪಿಸಿ, ಆಗದ್ದನ್ನೂ ಒಪ್ಪಿಸಿ. ಅದೇ ವಿನಯದಿಂದ, ಜಾಗದ ಜಗಳಕ್ಕೆ ಮಾತು ಬಿಟ್ಟ ಅಣ್ಣ ತಮ್ಮಂದಿರಿದ್ದರೆ ನೀವೇ ಮೊದಲು ಅವರ ಅಂಗಳಕ್ಕೆ ಹೋಗಿ. ಮನಸ್ಸು ತೀರಾ ಭಾರವಾದರೆ ಒಬ್ಬರೇ ನುಂಗಿಕೊಂಡಿರಬೇಡಿ ಮಕ್ಕಳೇ, ನಮ್ಮಂಥ ಹಿರಿಯರು ಇನ್ನೂ ಇದ್ದೇವೆ, ಯಾವ ಹೊತ್ತಿಗಾದರೂ ಬಂದು ಹೇಳಿ.