ಒಂದು ಗುಳಿಗೋಸ್ಕರ ಇಡೀ ಬೆನ್ನು ಕೆಡಿಸಬೇಕಾ?

ಕಳೆದ ಸೆಮಿಸ್ಟರ್ ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ಕು ಜನ ಸೇರಿ ಕಂಪ್ಯೂಟರ್ ಮೌಸ್‌ನ ಮೇಲ್ಭಾಗ ಮಾಡೆಲ್ ಮಾಡಿದ್ವಿ. ಬೆನ್ನು ನುಣುಪಾಗಿ ಬಂದಿತ್ತು. ಹೆಬ್ಬೆರಳು ಕೂರೋಕೆ ಪಕ್ಕದಲ್ಲೊಂದು ಸಣ್ಣ ಗುಳಿ ಬೇಕಿತ್ತು, ಅಷ್ಟೇ. ಅಲ್ಲಿ ಕಂಟ್ರೋಲ್ ಪಾಯಿಂಟ್ ಸಾಲದು ಅಂತ ಹೊಸ ಸಾಲು ಸೇರಿಸಿದ್ವಿ. ಆ ಸಾಲು ಮೌಸ್‌ನ ಈ ಅಂಚಿಂದ ಆ ಅಂಚಿಗೆ ಹೋಯ್ತು! ಗುಳಿ ಬಂತು. ಆದರೆ ರಿವ್ಯೂ ಹಿಂದಿನ ರಾತ್ರಿ ಜೀಬ್ರಾ ಪಟ್ಟೆ ಹಾಕಿ ನೋಡಿದ್ರೆ ಬೆನ್ನ ಮೇಲೆಲ್ಲಾ ಅಲೆ.

ಸಾಲು ಸೇರಿಸಿದ್ದೇ ತಪ್ಪಲ್ಲ. ನಾಟ್ ಸೇರಿಸಿದರೆ ಮೇಲ್ಮೈ ಆಕಾರ ಒಂಚೂರೂ ಬದಲಾಗಲ್ಲ. ಹೊಸದಾಗಿ ಬಂದ ಬೇಡದ ಪಾಯಿಂಟ್‌ಗಳನ್ನೂ ನಾವು ಎಳೆದಾಡಿದ್ವಿ, ಅದು ತಪ್ಪು. ಸಾಲು ಯಾಕೆ ಅಂಚಿನವರೆಗೂ ಹೋಗುತ್ತೆ? ಬಿ-ಸ್ಪ್ಲೈನ್ ಮೇಲ್ಮೈಯ ಪಾಯಿಂಟ್‌ಗಳು ಮಗ್ಗದ ಹಾಸು-ಹೊಕ್ಕಿನ ಹಾಗೆ. ಬಟ್ಟೆಯ ನಡುವೆ ಮಾತ್ರ ಒಂದು ಎಳೆ ಸೇರಿಸೋಕಾಗಲ್ಲ.

ಇದಕ್ಕೆ 1988ರಲ್ಲಿ ಡೇವಿಡ್ ಫೋರ್ಸಿ ಮತ್ತು ರಿಚರ್ಡ್ ಬಾರ್ಟೆಲ್ಸ್ ಒಂದು ದಾರಿ ತೋರಿಸಿದರು: ಹೈರಾರ್ಕಿಕಲ್ ಬಿ-ಸ್ಪ್ಲೈನ್. ಬಟ್ಟೆ ಬಿಚ್ಚಬೇಡಿ, ಬೇಕಾದ ಕಡೆ ಇನ್ನೂ ಸಣ್ಣ ನೇಯ್ಗೆಯ ತೇಪೆ ಹಾಕಿ ಅನ್ನೋ ಥರ. ತೇಪೆಯ ಹೊಲಿಗೆ ಮಾತ್ರ ಕಾಣಬಾರದು.

ಲೆಕ್ಕ ಹಾಕೋಣ. ಮೇಲ್ಮೈ ಬೈಕ್ಯೂಬಿಕ್, ನಾಟ್‌ಗಳು ಸಮದೂರ ಅಂತಿಟ್ಟುಕೊಳ್ಳಿ. 2×2 ಪ್ಯಾಚ್ ಜಾಗಕ್ಕೆ 5×5 ಪಾಯಿಂಟ್ ಸಂಬಂಧಪಡುತ್ತೆ. ಪ್ರತಿ ಪ್ಯಾಚನ್ನೂ ಎರಡೂ ದಿಕ್ಕಲ್ಲಿ ಅರ್ಧ ಮಾಡಿದರೆ 4×4 ಪ್ಯಾಚ್, 7×7 ಪಾಯಿಂಟ್. ಹೊಸ ಪಾಯಿಂಟ್‌ಗಳು ಹಳೆಯವುಗಳಿಂದಲೇ ಬರುತ್ತವೆ. ಒಂದು ದಿಕ್ಕಲ್ಲಿ ನೋಡಿದರೆ, ಎರಡು ಹಳೆ ಪಾಯಿಂಟ್‌ಗಳ ನಡುವೆ ಬರೋದು ಅವುಗಳ ಸರಾಸರಿ. ಹಳೆ ಪಾಯಿಂಟ್ ಜಾಗದಲ್ಲಿ ಬರೋದಕ್ಕೆ ಅದರದೇ 6 ಪಾಲು, ಅಕ್ಕಪಕ್ಕದವುಗಳ ಒಂದೊಂದು ಪಾಲು ಕೂಡಿಸಿ 8ರಿಂದ ಭಾಗಿಸಿ. ಇನ್ನೊಂದು ದಿಕ್ಕಲ್ಲೂ ಹಾಗೇ.

ಈಗ ಮುಖ್ಯ ವಿಷಯ. ಸುತ್ತಲಿನ ಮೇಲ್ಮೈಗೆ ವಕ್ರತೆಯವರೆಗೂ ಹೊಂದಬೇಕಂದ್ರೆ ಹೊರಗಿನ ಮೂರು ಸುತ್ತು ಪಾಯಿಂಟ್‌ಗಳನ್ನ ಮುಟ್ಟಬಾರದು. 7ರಲ್ಲಿ ಆ ಕಡೆ 3, ಈ ಕಡೆ 3 ಹೋದರೆ ಉಳಿಯೋದು 1. ಅಂದ್ರೆ 49ರಲ್ಲಿ ಕೈಗೆ ಸಿಗೋದು ನಡುವಿನ ಒಂದೇ ಒಂದು! ಮೊದಲು ನಮಗೆ ಇದು ಜಿಪುಣತನ ಅನ್ನಿಸ್ತು. ಆದರೆ ಆ ಒಂದನ್ನ ಎಷ್ಟೇ ಎಳೆದರೂ 2×2 ಜಾಗದಾಚೆ ಏನೂ ಅಲುಗಲ್ಲ, ಅಂಚನ್ನ ಬೇರೆಯಾಗಿ ಬ್ಲೆಂಡ್ ಮಾಡೋ ಕೆಲಸವೂ ಇಲ್ಲ. ಗುಳಿ ದೊಡ್ಡದಾಗಬೇಕಾ? 4×4 ಪ್ಯಾಚ್ ತಗೊಂಡ್ರೆ 25 ಪಾಯಿಂಟ್ ಸಿಗುತ್ತೆ, ನೀವೇ ಎಣಿಸಿ ನೋಡಿ.

ಇನ್ನೊಂದು ಜಾಣತನ ಇದೆ. ನಡುವಿನ ಪಾಯಿಂಟ್ ಎಲ್ಲಿದೆ ಅಂತ ಬರೆದಿಡೋ ಬದಲು, ತಾಯಿ ಮೇಲ್ಮೈಯಿಂದ ಅದು ಎಷ್ಟು ಸರಿದಿದೆ ಅಂತ ಬರೆದಿಡ್ತಾರೆ. ಅದೂ ಆ ಜಾಗದ ಲಂಬ ಮತ್ತು ಸ್ಪರ್ಶ ದಿಕ್ಕುಗಳಲ್ಲಿ. ಹಾಗಾಗಿ ತಾಯಿ ಬಾಗಿದರೆ ಗುಳಿಯೂ ಜೊತೆಗೇ ಬಾಗುತ್ತೆ, ಬಗಲಲ್ಲಿರೋ ಮಗು ಥರ. 2003ರಲ್ಲಿ ಬಂದ ಟಿ-ಸ್ಪ್ಲೈನ್ ಬೇರೆ ದಾರಿ ಹಿಡೀತು, ಸಾಲನ್ನ ನಡುವೆಯೇ ನಿಲ್ಲೋಕೆ ಬಿಟ್ಟಿತು. ಅದರ ಗಣಿತ ನಮಗಿನ್ನೂ ಪೂರ್ತಿ ಜೀರ್ಣವಾಗಿಲ್ಲ.

ಲ್ಯಾಬ್‌ನ ಸಾಫ್ಟ್‌ವೇರ್‌ನಲ್ಲಿ ಇದು ಸಿಗಲಿಲ್ಲ, ಪೈಥಾನಲ್ಲಿ ನಾವೇ ಬರೆದ್ವಿ. ಮೌಸ್‌ನ ಬೆನ್ನನ್ನ ಇನ್ನಷ್ಟು ಎತ್ತಿದ್ವಿ, ಗುಳಿ ತನ್ನ ಪಾಡಿಗೆ ಜೊತೆಗೆ ಬಂತು. ಜೀಬ್ರಾ ಪಟ್ಟೆ ಅಂಚಲ್ಲಿ ಎಲ್ಲೂ ಮುರೀಲಿಲ್ಲ. ರಿವ್ಯೂ ಮಾತ್ರ ಆಗಲೇ ಮುಗಿದುಹೋಗಿತ್ತು.