ಓದಿನ ಜೊತೆ ದುಡಿಮೆ, ದುಡಿಮೆಯ ಜೊತೆ ಆಟ

ನಾವು ಮೂವರು ಹುಡುಗಿಯರು. ಒಬ್ಬಳದು ದಾವಣಗೆರೆ ಕಡೆಯ ಹಳ್ಳಿ. ಒಬ್ಬಳದು ಹಾಸನ. ಇನ್ನೊಬ್ಬಳದು ಬಾಗಲಕೋಟೆ. 2022ರ ಆಗಸ್ಟ್ ತಿಂಗಳಲ್ಲಿ ಓದಲು ಅಮೆರಿಕಕ್ಕೆ ಹೋದೆವು. ಇಂಡಿಯಾನಾ ಎಂಬ ರಾಜ್ಯ. ಮೂವರೂ ಸೇರಿ ಒಂದು ಮನೆ ಬಾಡಿಗೆಗೆ ಹಿಡಿದೆವು.

ಅಮೆರಿಕ ಅಂದರೆ ಬರೀ ಎತ್ತರದ ಕಟ್ಟಡ ಅಂದುಕೊಂಡಿದ್ದೆವು. ಬಸ್ಸಿನಲ್ಲಿ ಕೂತು ನೋಡಿದರೆ ಎರಡೂ ಕಡೆ ಮೆಕ್ಕೆಜೋಳದ ಹೊಲ! ದಾವಣಗೆರೆಯವಳು ನಕ್ಕುಬಿಟ್ಟಳು. "ಇದನ್ನ ನೋಡೋಕೆ ಇಷ್ಟು ದೂರ ಬಂದ್ನಾ?" ಅಂದಳು.

ಅವಳ ಕಥೆಯನ್ನೇ ಹೆಚ್ಚು ಹೇಳುತ್ತೇವೆ. ಹೇಳು ಅಂತ ಅವಳೇ ಒಪ್ಪಿದ್ದಾಳೆ.

ಅವಳ ಓದಿಗೆ ಬ್ಯಾಂಕಿನಿಂದ ಸಾಲ ತೆಗೆದಿದ್ದರು. ಮನೆಯ ಪತ್ರ ಬ್ಯಾಂಕಿನಲ್ಲಿತ್ತು. ಸಾಲದ ಕಾಗದಕ್ಕೆ ಅವಳ ಅವ್ವನೂ ಸಹಿ ಹಾಕಿದ್ದರು. ಅವ್ವ ಸಹಿ ಕಲಿತದ್ದು ದೊಡ್ಡವರಾದ ಮೇಲೆ, ರಾತ್ರಿ ಶಾಲೆಯಲ್ಲಿ. ನಿಮ್ಮ ಹಾಗೆಯೇ. ಸಾಲದ ಹಣ ಫೀಸಿಗೆ ಸರಿ ಹೋಯಿತು. ಊಟಕ್ಕೆ, ಬಾಡಿಗೆಗೆ ದುಡಿಯಲೇಬೇಕು.

ಅಲ್ಲಿ ಓದುವ ಮಕ್ಕಳು ದುಡಿಯುವುದು ಸಾಮಾನ್ಯ. ಉಳ್ಳವರ ಮನೆ ಮಕ್ಕಳೂ ದುಡಿಯುತ್ತಾರೆ. ವಿಶ್ವವಿದ್ಯಾಲಯದ ಆವರಣಕ್ಕೆ ಕ್ಯಾಂಪಸ್ ಎನ್ನುತ್ತಾರೆ. ಅದರೊಳಗೇ ಊಟದ ಮನೆ, ಗ್ರಂಥಾಲಯ, ಕಚೇರಿ, ಆಟದ ಕಟ್ಟಡ ಎಲ್ಲ ಇರುತ್ತವೆ. ಅಲ್ಲೆಲ್ಲ ವಿದ್ಯಾರ್ಥಿಗಳೇ ಕೆಲಸಕ್ಕೆ. ಬಡಿಸುವವರು, ಪುಸ್ತಕ ಜೋಡಿಸುವವರು, ಬಾಗಿಲಲ್ಲಿ ಕೂತು ಕಾರ್ಡು ನೋಡುವವರು. ಗಂಟೆಯ ಲೆಕ್ಕದಲ್ಲಿ ಕೂಲಿ. ಗಂಟೆಗೆ 7 ಡಾಲರ್ 25 ಸೆಂಟಿಗಿಂತ ಕಡಿಮೆ ಕೊಡಬಾರದು ಎಂದು 2009ರಿಂದ ಆ ದೇಶದ ನಿಯಮ. ಕೆಲವು ರಾಜ್ಯಗಳಲ್ಲಿ ಇನ್ನೂ ಹೆಚ್ಚಿದೆ.

ಆದರೆ ಹೊರದೇಶದಿಂದ ಹೋದವರಿಗೆ ಒಂದು ಕಟ್ಟು ಇದೆ. ಪಾಠ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಎರಡು ಕಡೆ ಕೆಲಸ ಮಾಡಿದರೂ ಸೇರಿಸಿ ಇಪ್ಪತ್ತೇ. ಅದೂ ಕ್ಯಾಂಪಸ್ಸಿನ ಒಳಗೆ. ಅನುಮತಿ ಇಲ್ಲದೆ ಹೊರಗೆ ದುಡಿಯುವ ಹಾಗಿಲ್ಲ. ನೀವೇ ಲೆಕ್ಕ ಹಾಕಿ. ಗಂಟೆಗೆ 10 ಡಾಲರ್ ಸಿಕ್ಕರೆ ವಾರಕ್ಕೆ ಎಷ್ಟಾಯಿತು? 200 ಡಾಲರ್. ಆಗ ಒಂದು ಡಾಲರ್ ಅಂದರೆ ಸುಮಾರು 80 ರೂಪಾಯಿ. ಮೊದಲ ತಿಂಗಳು ನಾವು ಕಾಫಿ ಕುಡಿಯುವಾಗಲೂ 80ರಿಂದ ಗುಣಿಸುತ್ತಿದ್ದೆವು. ಆಮೇಲೆ ಬಿಟ್ಟೆವು. ಗುಣಿಸುತ್ತಾ ಕೂತರೆ ಗಂಟಲಲ್ಲಿ ಇಳಿಯುವುದಿಲ್ಲ.

ದಾವಣಗೆರೆಯವಳು ಹನ್ನೊಂದು ಕಡೆ ಅರ್ಜಿ ಹಾಕಿದಳು. ಏಳು ಕಡೆಯಿಂದ ಉತ್ತರವೇ ಇಲ್ಲ. ಮೂರು ಕಡೆಯಿಂದ ಒಂದೇ ಥರದ ಕಾಗದ: "ನಿಮ್ಮ ಆಸಕ್ತಿಗೆ ವಂದನೆ. ಬೇರೆಯವರನ್ನು ಆರಿಸಿದ್ದೇವೆ." ಎಷ್ಟು ನಯವಾಗಿ ಬರೆದರೂ ಇಲ್ಲ ಅಂದರೆ ಇಲ್ಲವೇ.

ಗ್ರಂಥಾಲಯದ ಕೆಲಸ ಯಾಕೆ ಸಿಗಲಿಲ್ಲ ಎಂದು ತಿಂಗಳಾದ ಮೇಲೆ ಗೊತ್ತಾಯಿತು. ಅದು ಸರ್ಕಾರದ ಹಣದಿಂದ ನಡೆಯುವ ಕೆಲಸ. ವರ್ಕ್ ಸ್ಟಡಿ ಎಂದು ಹೆಸರು. ಕೈಯಲ್ಲಿ ಹಣ ಸಾಲದ ವಿದ್ಯಾರ್ಥಿಗಳಿಗಾಗಿ 1964ರಲ್ಲಿ ಶುರು ಮಾಡಿದ್ದು. ನಮ್ಮ ಥರ ಓದಲು ಬಂದ ಹೊರದೇಶದವರಿಗೆ ಅದು ಇಲ್ಲ. ಜಾಹೀರಾತಿನ ಕೊನೆ ಸಾಲಿನಲ್ಲೇ ಬರೆದಿತ್ತು. ನಾವು ಮೂವರೂ ಅಷ್ಟು ಓದಿದವರು. ಆ ಸಾಲು ಓದಿರಲಿಲ್ಲ!

ಹನ್ನೊಂದನೆಯದು ಒಂದು ಕಚೇರಿ. ಕರೆದು ಮಾತಾಡಿಸಿದರು. "ಹಿಂದೆ ಏನು ಕೆಲಸ ಮಾಡಿದ್ದೀರಿ?" ಎಂದು ಕೇಳಿದರು. "ಏನೂ ಇಲ್ಲ" ಅಂದಳು. ಅಲ್ಲಿಗೆ ಮುಗಿಯಿತು.

ಮನೆಗೆ ಬಂದು ಹೇಳಿದಾಗ ಬಾಗಲಕೋಟೆಯವಳಿಗೆ ಸಿಟ್ಟು ಬಂತು. "ಏನೂ ಇಲ್ಲ ಅಂತ ಯಾಕ ಹೇಳಿದಿ? ನಿಮ್ಮವ್ವನ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೀತಿದ್ದಿ ಅಲ್ಲ? ಜ್ವಾಳದ ಚೀಲ ತೂಗಿಸಿ ಚೀಟಿ ಬರಸತಿದ್ದಿ ಅಲ್ಲ? ಅದು ಕೆಲಸ ಅಲ್ಲೇನು?"

ಅವಳು ಸುಮ್ಮನಾದಳು. ಮನೆಯಲ್ಲಿ ಮಾಡಿದ್ದು ಕೆಲಸ ಅಂತ ಅವಳಿಗೆ ಹೊಳೆದೇ ಇರಲಿಲ್ಲ.

ಅವ್ವನಿಗೆ ಇದೇನೂ ಹೇಳಲಿಲ್ಲ. ಅಲ್ಲಿ ರಾತ್ರಿ ಅಂದರೆ ಇಲ್ಲಿ ಬೆಳಗ್ಗೆ. ಅವ್ವ ಫೋನಿನಲ್ಲಿ "ಉಂಡ್ಯೇನವ್ವಾ? ಕೆಲ್ಸ ಸಿಕ್ತಾ?" ಅಂದರೆ, "ಸಿಗುತ್ತವ್ವಾ" ಎನ್ನುತ್ತಿದ್ದಳು. ಫೋನ್ ಇಟ್ಟು ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು.

ಆ ದಿನಗಳಲ್ಲೇ ಊರಿನ ಒಂದು ಅಂಗಡಿಯವರು ಆಸೆ ತೋರಿಸಿದರು. "ಬಾ, ಕೈಯಲ್ಲೇ ಹಣ ಕೊಡ್ತೀವಿ. ಲೆಕ್ಕಪತ್ರ ಏನೂ ಬೇಡ." ಅವಳು ಎರಡು ರಾತ್ರಿ ಯೋಚಿಸಿದಳು. ಹೋಗು ಅನ್ನಲೂ ಬೇಡ ಅನ್ನಲೂ ನಮಗೂ ಬಾಯಿ ಬರಲಿಲ್ಲ. ಕೊನೆಗೆ ನಿಯಮದ ಕಾಗದ ಮುಂದಿಟ್ಟುಕೊಂಡು ಮೂವರೂ ಓದಿದೆವು. ಅನುಮತಿ ಇಲ್ಲದೆ ಹೊರಗೆ ದುಡಿದರೆ ಅಲ್ಲಿ ಇದ್ದು ಓದುವ ಹಕ್ಕೇ ಹೋಗುತ್ತದೆ. ಓದು ಅರ್ಧಕ್ಕೆ ನಿಲ್ಲುತ್ತದೆ, ಸಾಲ ಮಾತ್ರ ಪೂರ್ತಿ ಉಳಿಯುತ್ತದೆ. ಅಂಗಡಿಯವರಿಗೆ ಅವಳೇ ಬರಲ್ಲ ಅಂದಳು.

ಹಾಸನದವಳಿಗೆ ಊಟದ ಮನೆಯಲ್ಲಿ ಕೆಲಸ ಸಿಕ್ಕಿತು. ತಟ್ಟೆಗಳನ್ನು ಯಂತ್ರಕ್ಕೆ ಜೋಡಿಸುವುದು, ನೆಲ ಒರೆಸುವುದು. ಅವಳ ಅಮ್ಮ ಫೋನಿನಲ್ಲಿ ಅತ್ತುಬಿಟ್ಟರು. "ಪಾತ್ರೆ ತೊಳೆಯೋಕೆ ಅಷ್ಟು ದೂರ ಹೋದ್ಯಾ? ಯಾರಿಗೂ ಹೇಳ್ಬೇಡ" ಅಂದರು. ಇವಳು ಅಂದಳು: "ಮನೇಲಿ ತೊಳೆದ್ರೆ ನೀನು ಅಳ್ತಿರ್ಲಿಲ್ಲ. ಇಲ್ಲಿ ದುಡ್ಡು ಕೊಡ್ತಾರಮ್ಮ." ಕೆಲಸದ ದಿನ ಊಟವೂ ಅಲ್ಲೇ ಆಗುತ್ತಿತ್ತು.

ಇನ್ನು ಆಟದ ವಿಷಯ. ಅಲ್ಲಿ ಫೀಸಿನಲ್ಲೇ ಆಟದ ಕಟ್ಟಡದ ಹಣವೂ ಸೇರಿತ್ತು. ಕೊಟ್ಟಾಗಿದೆ, ಹೋಗದಿದ್ದರೆ ನಮಗೇ ನಷ್ಟ. ಹಾಗೆಂದು ಒಂದು ಸಂಜೆ ಹೋದೆವು. ಅಲ್ಲಿ ಪದಕಕ್ಕಾಗಿ ಆಡುವವರೇ ಬೇರೆ. ಮನಸ್ಸಿನ ಖುಷಿಗೆ ಆಡುವವರೂ ತಂಡ ಕಟ್ಟಿ ತಮ್ಮತಮ್ಮಲ್ಲೇ ಪಂದ್ಯ ನಡೆಸುತ್ತಾರೆ. ಚೆನ್ನಾಗಿ ಆಡಲು ಬರಬೇಕು ಅಂತೇನಿಲ್ಲ. ಹುಡುಗಿಯರಿಗೆ ಬೇರೆ ತಂಡ, ಹುಡುಗ ಹುಡುಗಿಯರು ಕೂಡಿ ಆಡಲು ಬೇರೆ ತಂಡ. ಸರ್ಕಾರದ ಹಣ ಪಡೆಯುವ ಶಾಲೆ ಕಾಲೇಜಿನಲ್ಲಿ ಹೆಣ್ಣು ಗಂಡು ಭೇದ ಮಾಡಬಾರದು ಎಂದು 1972ರಲ್ಲಿ ಆ ದೇಶದಲ್ಲಿ ಕಾನೂನು ಬಂತು. ಅದು ಆಟಕ್ಕೂ ಅನ್ವಯಿಸುತ್ತದೆ.

ಒಂದು ವಾಲಿಬಾಲ್ ತಂಡಕ್ಕೆ ಜನ ಕಡಿಮೆ ಇದ್ದರು. ಆರು ಜನ ಬೇಕು, ಮೂವರಿದ್ದರು. ನಾವು ಮೂವರೂ ಸೇರಿಕೊಂಡೆವು. ಈ ಆಟ ಹುಟ್ಟಿದ್ದು ಆ ದೇಶದಲ್ಲೇ. 1895ರಲ್ಲಿ ಹೋಲಿಯೋಕ್ ಎಂಬ ಊರಿನಲ್ಲಿ ವ್ಯಾಯಾಮ ಕಲಿಸುತ್ತಿದ್ದ ವಿಲಿಯಂ ಮಾರ್ಗನ್ ಎಂಬವರು ಹುಟ್ಟುಹಾಕಿದರು. ಆದರೆ ನಾವು ಶಾಲೆಯಲ್ಲಿ ಆಡಿದ್ದು ಥ್ರೋಬಾಲ್. ಅದರಲ್ಲಿ ಚೆಂಡು ಹಿಡಿದು ಎಸೆಯಬೇಕು. ವಾಲಿಬಾಲಿನಲ್ಲಿ ಹಿಡಿದರೆ ತಪ್ಪು.

ಮೊದಲ ಚೆಂಡು ಬಂತು. ದಾವಣಗೆರೆಯವಳು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು! ಸೀಟಿ ಊದಿದರು. ಎರಡನೆಯದನ್ನೂ ಹಿಡಿದಳು. ಮತ್ತೆ ಸೀಟಿ. ಆಚೆಯವರೂ ನಕ್ಕರು, ನಾವೂ ನಕ್ಕೆವು. ಎರಡು ತಿಂಗಳ ಮೇಲೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ದಿನ ಸೋತೆವು. ಮುಂದಿನ ವಾರವೂ ಸೋತೆವು.

ಅಲ್ಲಿ ಸೀಟಿ ಊದುತ್ತಿದ್ದವಳೂ ನಮ್ಮ ಹಾಗೆ ಓದುವ ಹುಡುಗಿ. ಅದೂ ಸಂಬಳದ ಕೆಲಸವೇ! ಇದು ನಮಗೆ ಗೊತ್ತೇ ಇರಲಿಲ್ಲ. ಅವಳೇ ಹೇಳಿದಳು: "ಜನ ಬೇಕಾಗಿದ್ದಾರೆ. ಆಟ ಬಾರದಿದ್ದರೂ ಪರವಾಗಿಲ್ಲ. ನಿಯಮ ಕಲಿಸುತ್ತೇವೆ."

ದಾವಣಗೆರೆಯವಳು ಹನ್ನೆರಡನೇ ಅರ್ಜಿ ಬರೆದಳು. ಈ ಸಲ ಸಂಘದ ಲೆಕ್ಕದ ಪುಸ್ತಕವನ್ನೂ, ತೂಕದ ಚೀಟಿಯನ್ನೂ ಬರೆದಳು. ಕರೆದವರು ಅದನ್ನೇ ಕೇಳಿದರು. "ಲೆಕ್ಕ ತಪ್ಪಿದೆ ಅಂತ ಯಾರಾದರೂ ಜಗಳ ತೆಗೆದರೆ ಏನು ಮಾಡ್ತಿದ್ದಿರಿ?" "ಪುಸ್ತಕ ತೆಗೆದು ಎಲ್ಲರ ಮುಂದೆ ಓದ್ತಿದ್ದೆ" ಅಂದಳು. ಕೆಲಸ ಕೊಟ್ಟರು.

ಸಿಕ್ಕಿದ ತಕ್ಷಣ ಮುಗಿಯಲಿಲ್ಲ. ಕೆಲಸ ಕೊಟ್ಟ ಪತ್ರ ಹಿಡಿದು ಸರ್ಕಾರಿ ಕಚೇರಿಗೆ ಹೋಗಬೇಕು. ಅಲ್ಲಿ ಒಂಬತ್ತು ಅಂಕಿಯ ಒಂದು ನಂಬರು ಕೊಡುತ್ತಾರೆ. ಸೋಷಿಯಲ್ ಸೆಕ್ಯೂರಿಟಿ ನಂಬರ್ ಎಂದು ಹೆಸರು. ಅದಕ್ಕೆ ಶುಲ್ಕವಿಲ್ಲ. ಸಂಬಳದ ಲೆಕ್ಕಕ್ಕೆ ಅದು ಬೇಕೇ ಬೇಕು.

ಮೊದಲ ವಾರ ಒಬ್ಬ ಎತ್ತರದ ಹುಡುಗ ಅವಳ ಮೇಲೆ ರೇಗಿದ. ಚೆಂಡು ಗೆರೆಯ ಒಳಗೆ ಬಿತ್ತು ಅಂತ ಅವನ ವಾದ. ಇವಳ ಕಾಲು ನಡುಗುತ್ತಿತ್ತು. ನಾವು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆವು. ಅವಳು ಕೈ ಎತ್ತಿ ಹೊರಗೆ ಎಂದು ತೋರಿಸಿದಳು. ಮತ್ತೆ ಸೀಟಿ ಊದಿದಳು. ಆಟ ಮುಂದೆ ಹೋಯಿತು.

ಎರಡು ವಾರಕ್ಕೆ ಸಂಬಳ ಬಂತು. ಸಂಬಳದ ಚೀಟಿ ಇಂಗ್ಲಿಷಿನಲ್ಲಿತ್ತು. ಅವಳು ಅದನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಳು. ಅದರ ಫೋಟೋ ತೆಗೆದು ಅವ್ವನಿಗೆ ಕಳಿಸಿದಳು. ಅವ್ವ ಫೋನಿನಲ್ಲೇ ಜೋರಾಗಿ ಓದಿದರು. "ಗಂ-ಟೆ... ಕೂ-ಲಿ... ಕ-ಡಿ-ತ. ಕಡಿತ ಅಂದ್ರೇನವ್ವಾ? ಯಾಕೆ ಹಿಡ್ಕೊಂಡ್ರು?"

"ತೆರಿಗೆ ಅವ್ವಾ. ಏಪ್ರಿಲ್ 15ರೊಳಗೆ ಲೆಕ್ಕ ಕೊಡ್ಬೇಕು. ಜಾಸ್ತಿ ಹಿಡಿದಿದ್ರೆ ವಾಪಸ್ ಕೊಡ್ತಾರೆ."

"ಬರೆದಿಟ್ಕೋ. ಮರೀಬ್ಯಾಡ."

"ಹ್ಞೂಂ."

"ಆಟ ಏನಾತು? ಗೆದ್ರಾ?"

"ಸೋತ್ವಿ ಅವ್ವಾ. ಮೂರನೇ ಸಲ."

"ಇನ್ನೂ ಚೆಂಡು ಹಿಡಿತೀಯಾ?"

"ಒಂದ್ಸಲ ಹಿಡಿದೆ."

ಅವ್ವ ನಕ್ಕ ಸದ್ದು ನಮ್ಮಿಬ್ಬರಿಗೂ ಕೇಳಿಸಿತು.